ಒಂದೇ ಪಿಕಪ್ ಗಿಟಾರ್, ಕಲಬುರಗಿ ಬಿಸಿಲು, ಫ್ಯಾನ್ ರೆಗ್ಯುಲೇಟರ್

ನನ್ನ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಇರುವುದು ಒಂದೇ ಪಿಕಪ್, ಅಂದರೆ ಸ್ಟ್ರಿಂಗ್‌ನ ಅಲುಗಾಟವನ್ನು ಹಿಡಿದು ಆಂಪ್‌ಗೆ (ಸದ್ದು ಹಿಗ್ಗಿಸುವ ಪೆಟ್ಟಿಗೆಗೆ) ಕಳಿಸುವ ಅಯಸ್ಕಾಂತ-ಸುರುಳಿಯ ತುಂಡು. ಒಂದು ವಾಲ್ಯೂಮ್, ಒಂದು ಟೋನ್. ಪಿಕಪ್ ಬದಲಿಸುವ ಸ್ವಿಚ್ ಕೂಡ ಇಲ್ಲ. ನಮ್ಮ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುವ ಅಣ್ಣ ಇದನ್ನು ನೋಡಿ, "ಉಳದದ್ದು ಎಲ್ಲಿ ಬಿಟ್ಟು ಬಂದಿಯೋ ತಮ್ಮಾ?" ಎಂದು ಕೇಳಿದ್ದರು. ಅದೇ ದುಡ್ಡಿಗೆ ಮೂರು ಪಿಕಪ್‌ನದು ಸಿಗುತ್ತಿತ್ತು, ನಿಜ. ನನಗೆ ಬೇಕಾಗಿದ್ದು ಇದೇ.

ಈ ಮಾದರಿ ಹಳೆಯದು. ಅಮೆರಿಕದ ಗಿಟಾರ್ ಕಂಪನಿ ಫೆಂಡರ್‌ನವರ ಒಂಟಿ ಪಿಕಪ್ ಎಸ್ಕ್ವೈರ್ 1950ರಲ್ಲೇ ಬಂದಿತ್ತು. ಇನ್ನೊಂದು ಕಂಪನಿ ಗಿಬ್ಸನ್‌ನವರು 1954ರಲ್ಲಿ ಲೆಸ್ ಪಾಲ್ ಜೂನಿಯರ್ ತಂದರು. ಕಲಿಯುವ ಹುಡುಗರ ಕೈಗೆ ಎಟುಕಲಿ ಎಂದು ಅದರಲ್ಲಿ ಖರ್ಚಿನ ಕೆಲಸವನ್ನೆಲ್ಲ ಬಿಟ್ಟರು. ಉಬ್ಬು ಕೆತ್ತನೆ ಇಲ್ಲದ ಸಪಾಟು ಮಹಾಗನಿ ಹಲಗೆ, ಬ್ರಿಡ್ಜ್ ಹತ್ತಿರ ಪಿ-90 ಎಂಬ ಬಗೆಯ ಒಂದು ಪಿಕಪ್, ಬ್ರಿಡ್ಜ್ ಅಂದರೆ ಸ್ಟ್ರಿಂಗ್ ಸಿಕ್ಕಿಸುವುದಕ್ಕೂ ಕೂರಿಸುವುದಕ್ಕೂ ಒಂದೇ ಲೋಹದ ಪಟ್ಟಿ. ಆ ಕಾಲದ ಅಸಲಿ ಜೂನಿಯರ್‌ಗೆ ಈಗ ಲಕ್ಷಗಟ್ಟಲೆ ಬೆಲೆ. ನನ್ನದು ಅದೇ ಮಾದರಿಯ ಕಾಪಿ. ಹೈದರಾಬಾದ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು.

ಗಿಟಾರ್ ಹೊಂದಿಸಲು ಇಂಟರ್‌ನೆಟ್‌ನಲ್ಲಿ ಸಿಗುವ ಸೆಟಪ್ ಅಳತೆಗಳು ತಪ್ಪೇನಲ್ಲ. ಆದರೆ ಅವನ್ನು ಬರೆದವರ ಮನೆಯಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಇರುವುದಿಲ್ಲ. ಕರೆಂಟ್ ಹೋದಾಗ ಇನ್ವರ್ಟರ್ ಗುಂಯ್ ಎನ್ನುವುದಿಲ್ಲ. ಹಾಗಾಗಿ ಆ ಅಂಕಿಗಳಿಂದ ಶುರು ಮಾಡಿ, ಉಳಿದದ್ದನ್ನು ನಮ್ಮ ಊರಿನ ಬಿಸಿಲು ಮತ್ತು ಕರೆಂಟ್ ನೋಡಿಕೊಂಡೇ ಹೊಂದಿಸಿದೆ.

ಮೊದಲು ಮರ. ಮಾರ್ಚ್ ಬಂತೆಂದರೆ ಇಲ್ಲಿ ಗಾಳಿ ಒಣಗುತ್ತದೆ. ಫ್ರೆಟ್‌ಬೋರ್ಡ್ (ಬೆರಳು ಒತ್ತುವ ಮರದ ಪಟ್ಟಿ) ಅಡ್ಡಕ್ಕೆ ಒಂದಿಷ್ಟು ಕುಗ್ಗುತ್ತದೆ, ಅದರಲ್ಲಿ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆ, ಅಂದರೆ ಫ್ರೆಟ್, ಕುಗ್ಗುವುದಿಲ್ಲ. ಫ್ರೆಟ್‌ನ ತುದಿಗಳು ಹೊರಗೆ ಚಾಚಿ ಅಂಗೈಗೆ ತರಚುತ್ತವೆ. ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಸಣ್ಣ ಅರದಿಂದ ತುದಿಗಳನ್ನು ಉಜ್ಜಿ ದುಂಡಗೆ ಮಾಡಿದೆ. ಈ ಕೆಲಸವನ್ನು ಬೇಸಿಗೆಯಲ್ಲೇ ಮಾಡಬೇಕು. ಮಳೆಗಾಲದಲ್ಲಿ ಮರ ಉಬ್ಬಿರುತ್ತದೆ, ಆಗ ಉಜ್ಜಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಗೋಳು. ಒಣಗಿದ ರೋಸ್‌ವುಡ್ ಫ್ರೆಟ್‌ಬೋರ್ಡ್‌ಗೆ ಮನೆಯಲ್ಲಿರುವ ಕುಸುಬಿ ಎಣ್ಣೆ ಹಚ್ಚು ಎಂದು ಒಬ್ಬರು ಹೇಳಿದರು. ನಮ್ಮ ಕಡೆ ಎಲ್ಲದಕ್ಕೂ ಕುಸುಬಿ ಎಣ್ಣೆಯೇ ಮದ್ದು! ಆದರೆ ಅದು ಗಾಳಿಗೆ ಒಣಗಿ ಅಂಟಂಟಾಗುವ ಎಣ್ಣೆ. ಸಾದಾ ಮಿನರಲ್ ಆಯಿಲ್ ಎರಡು ಹನಿ ಹಾಕಿ, ಬಟ್ಟೆಯಿಂದ ಒರೆಸಿ ತೆಗೆದರೆ ಸಾಕು. ಇನ್ನೊಂದು ವಿಷಯ: ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಗಿಟಾರ್ ಬಿಡಬೇಡಿ. ಇದರ ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಅನ್ನು ಅಂಟಿನಿಂದ ಕೂಡಿಸಿರುತ್ತಾರೆ, ಸ್ಕ್ರೂ ಇರುವುದಿಲ್ಲ. ಆ ಬಿಸಿಗೆ ಅಂಟು ಮೆತ್ತಗಾಗುತ್ತದೆ.

ನೆಕ್ ಹೊಂದಿಸುವುದು ಎಲ್ಲ ಗಿಟಾರ್‌ಗೂ ಒಂದೇ, ಜಾಸ್ತಿ ಹೇಳುವುದಿಲ್ಲ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದಾಗ, ನಡುವೆ ಸ್ಟ್ರಿಂಗ್ ಕೆಳಗೆ ಕಾಲು ಮಿಲಿಮೀಟರ್‌ನಷ್ಟು ಸಂದು ಇರಲಿ. ನೆಕ್ ಒಳಗೆ ಅದರ ಬಾಗು ಹೊಂದಿಸುವ ಸರಳು, ಟ್ರಸ್ ರಾಡ್, ಇರುತ್ತದೆ. ಅದನ್ನು ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ. 12ನೇ ಫ್ರೆಟ್ ಮೇಲೆ ದಪ್ಪ ಸ್ಟ್ರಿಂಗ್ 2 ಮಿ.ಮೀ., ತೆಳು ಸ್ಟ್ರಿಂಗ್ 1.5 ಮಿ.ಮೀ. ಎತ್ತರದಲ್ಲಿ ಇಟ್ಟಿದ್ದೇನೆ. ಬೇಸಿಗೆ ಶುರುವಾದಾಗ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ನೋಡಿಕೊಳ್ಳುತ್ತೇನೆ.

ಬ್ರಿಡ್ಜ್ ಮಾತ್ರ ತಲೆ ತಿಂದಿತು. ಬೇರೆ ಗಿಟಾರ್‌ಗಳಲ್ಲಿ ಒಂದೊಂದು ಸ್ಟ್ರಿಂಗ್‌ಗೂ ಒಂದೊಂದು ಸ್ಯಾಡಲ್ (ಸ್ಟ್ರಿಂಗ್ ಕೂರುವ ಸಣ್ಣ ತುಂಡು) ಇರುತ್ತದೆ, ಬೇರೆಬೇರೆಯಾಗಿ ಹಿಂದೆ ಮುಂದೆ ಸರಿಸಬಹುದು. ಇಲ್ಲಿ ಒಂದೇ ಪಟ್ಟಿ. ಎರಡು ತುದಿಯಲ್ಲಿ ಒಂದೊಂದು ಸಣ್ಣ ಅಲೆನ್ ಸ್ಕ್ರೂ. ಅವುಗಳಿಂದ ಪಟ್ಟಿಯನ್ನು ಓರೆ ಮಾಡಬಹುದು, ಅಷ್ಟೇ. 12ನೇ ಫ್ರೆಟ್ ಒತ್ತಿ ಬಾರಿಸಿದ ಸ್ವರ ಅದೇ ಜಾಗದ ಹಾರ್ಮೋನಿಕ್‌ಗಿಂತ (ಒತ್ತದೆ ಬೆರಳು ಸವರಿ ಬಾರಿಸುವ ಸ್ವರಕ್ಕಿಂತ) ಏರಿದ್ದರೆ ಪಟ್ಟಿಯನ್ನು ಹಿಂದಕ್ಕೆ ತರಬೇಕು, ಇಳಿದಿದ್ದರೆ ಮುಂದಕ್ಕೆ. ಆರನೇ (ದಪ್ಪ) ಸ್ಟ್ರಿಂಗ್, ಒಂದನೇ (ತೆಳು) ಸ್ಟ್ರಿಂಗ್ ಸರಿಹೋದವು. ಮೂರನೆಯದು ಸರಿಹೋಗಲೇ ಇಲ್ಲ. ಕಾರಣ ಪಟ್ಟಿಯ ಮೇಲಿನ ಉಬ್ಬುಗೆರೆ. ಹಳೆಯ ಕಾಲದಲ್ಲಿ ಮೂರನೇ ಸ್ಟ್ರಿಂಗ್‌ಗೂ ತಂತಿ ಸುತ್ತಿರುತ್ತಿತ್ತು. ಆ ಗೆರೆಯ ಅಂಕುಡೊಂಕು ಅದಕ್ಕೆ ಹೊಂದುವಂತೆ ಇದೆ. ಈಗಿನ 10-46 ದಪ್ಪದ ಸ್ಟ್ರಿಂಗ್ ಸೆಟ್‌ನಲ್ಲಿ ಮೂರನೆಯದು ಸುತ್ತಿಲ್ಲದ ನುಣುಪು ತಂತಿ, ಅದಕ್ಕೇ ಸ್ವರ ಏರುತ್ತದೆ.

ಒಬ್ಬನೇ ಕೂತು ಬಾರಿಸಿದರೆ ಇದು ಗೊತ್ತೂ ಆಗುವುದಿಲ್ಲ. ಪಕ್ಕದಲ್ಲಿ ಹಾರ್ಮೋನಿಯಂ ಇದ್ದರೆ ಬಚ್ಚಿಡಲು ಆಗುವುದಿಲ್ಲ, ಅಲ್ವಾ? ಅದರ ಸ್ವರ ಅಲುಗುವುದಿಲ್ಲ. ಹಾಡುವವರು ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಎಂದರೆ ಎಲ್ಲರೂ ಅಲ್ಲಿಗೇ ಬರಬೇಕು. ಕೊನೆಗೆ ಮೂರನೇ ಸ್ಟ್ರಿಂಗ್ ಸುತ್ತಿದ್ದೇ ಇರುವ ಎಲೆಕ್ಟ್ರಿಕ್ ಸೆಟ್ ಆನ್‌ಲೈನ್‌ನಲ್ಲಿ ತರಿಸಿದೆ. ಸ್ಟ್ರಿಂಗ್ ಎಳೆದು ಬಾಗಿಸುವುದು ಸ್ವಲ್ಪ ಕಷ್ಟವಾಯಿತು, ಶ್ರುತಿ ಮಾತ್ರ ಕೂತಿತು. ಅಕೌಸ್ಟಿಕ್ ಸೆಟ್‌ನಿಂದ ಒಂದು ತೆಗೆದು ಹಾಕಿದರೆ ನಡೆಯುವುದಿಲ್ಲ. ಅದರ ಕಂಚಿನ ಸುತ್ತು ಪಿಕಪ್‌ನ ಅಯಸ್ಕಾಂತಕ್ಕೆ ಸಿಗುವುದಿಲ್ಲ, ಒಳಗಿನ ಉಕ್ಕಿನ ಎಳೆ ಮಾತ್ರ ಸದ್ದು ಕೊಡುತ್ತದೆ.

ಹೊಸ ಸ್ಟ್ರಿಂಗ್ ದಪ್ಪ, ಹಾಗಾಗಿ ನಟ್‌ನ (ನೆಕ್‌ನ ತುದಿಯಲ್ಲಿ ಸ್ಟ್ರಿಂಗ್ ಕೂರುವ ಸಣ್ಣ ಪಟ್ಟಿಯ) ಕಚ್ಚು ಅಗಲ ಮಾಡಬೇಕಾಯಿತು. ಗಿಟಾರ್ ಕೆಲಸದ ಅರಗಳು ದುಬಾರಿ. ಸರಾಫ್ ಬಜಾರ್‌ನಲ್ಲಿ ಪರಿಚಯದ ಅಕ್ಕಸಾಲಿ ಕಾಕಾ ಇದ್ದಾರೆ. ಅವರ ಹತ್ತಿರ ಸೂಜಿಯಂಥ ದುಂಡು ಅರಗಳ ದೊಡ್ಡ ಕಟ್ಟೇ ಇತ್ತು. ನಟ್ ನೋಡಿ, "ಇದು ಎಲುಬ ಏನ್ರಿ? ಪ್ಲಾಸ್ಟಿಕ್ ಅದ, ಹಗೂರ್ಕ ತಿಕ್ರಿ" ಎಂದರು. ಎರಡು ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಕಾಗದದಷ್ಟು ಸಂದು ಉಳಿಯಬೇಕು. ಅಲ್ಲಿಗೆ ನಿಲ್ಲಿಸಿದೆವು. ಒಂದು ವೇಳೆ ಆಳ ಹೋದರೂ ದಾರಿ ಇದೆ: ಅಡುಗೆ ಸೋಡಾ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಕಲ್ಲಾಗುತ್ತದೆ, ಮತ್ತೆ ಕೊರೆಯಬಹುದು. ಕಚ್ಚಿನೊಳಗೆ ಪೆನ್ಸಿಲ್ ಗೀರಿದರೆ ಸ್ಟ್ರಿಂಗ್ ಸಿಕ್ಕಿಕೊಳ್ಳುವುದಿಲ್ಲ.

ಇನ್ನು ಪಿಕಪ್. ಈ ಬಗೆಯ ಪಿ-90ಯ ಎರಡು ಬದಿಗೆ ನಾಯಿ ಕಿವಿಯಂಥ ತುಂಡುಗಳಿವೆ, ಅವುಗಳ ಮೂಲಕ ಸೀದಾ ಮರಕ್ಕೆ ಸ್ಕ್ರೂ ಹಾಕಿರುತ್ತಾರೆ. ಎತ್ತರ ಬದಲಿಸುವ ಸ್ಕ್ರೂ ಇಲ್ಲ. ನನ್ನದು ತಗ್ಗಿನಲ್ಲಿ ಕೂತಿತ್ತು, ಸದ್ದು ಬಡಕಲು. ಅವಧಿ ಮುಗಿದ ಎಟಿಎಂ ಕಾರ್ಡ್ ಕತ್ತರಿಸಿ ಅಡಿಗೆ ಇಟ್ಟೆ. ಕಾರ್ಡ್‌ನ ದಪ್ಪ 0.76 ಮಿ.ಮೀ., ಎಲ್ಲ ಬ್ಯಾಂಕಿನದೂ ಅಷ್ಟೇ. ಸುಮ್ನೆ ಸಿಗುವ ಅಳತೆಪಟ್ಟಿ! ಕೊನೆಯ ಫ್ರೆಟ್ ಒತ್ತಿದಾಗ ಸ್ಟ್ರಿಂಗ್ ಮತ್ತು ಪಿಕಪ್ ನಡುವೆ 2ರಿಂದ 2.5 ಮಿ.ಮೀ. ಉಳಿಯುವಂತೆ ನೋಡಿಕೊಂಡೆ. ಆಮೇಲೆ ಸ್ಟ್ರಿಂಗ್‌ಗಳ ಸದ್ದು ಸಮ ಆಗುವ ತನಕ ಮೇಲಿನ ಆರು ಸ್ಕ್ರೂಗಳನ್ನು ಚೂರುಚೂರು ತಿರುಗಿಸಿದೆ.

ಪಿ-90 ಒಂದೇ ಸುರುಳಿಯ ಪಿಕಪ್. ಅದರ ಗಡಸು ಸದ್ದು ಅಲ್ಲಿಂದಲೇ, ತಲೆನೋವೂ ಅಲ್ಲಿಂದಲೇ. ಆ ಸುರುಳಿ ಸ್ಟ್ರಿಂಗ್ ಜೊತೆಗೆ ಮನೆಯ 50 ಹರ್ಟ್ಸ್ ಕರೆಂಟನ್ನೂ ಹಿಡಿಯುತ್ತದೆ. ಅದೇ ಗುಂಯ್ ಎನ್ನುವ ಹಮ್. ಎರಡು ಸುರುಳಿಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಈ ಹಮ್ ಕೊಲ್ಲುವ ಹಂಬಕರ್ ಪಿಕಪ್ ಅನ್ನು ಗಿಬ್ಸನ್‌ನ ಸೇತ್ ಲವರ್ 1955ರಲ್ಲಿ ರೂಪಿಸಿದರು. ಅದನ್ನು ಹಾಕಿದರೆ ಇದು ಬೇರೆಯದೇ ಗಿಟಾರ್ ಆಗುತ್ತದೆ, ನನಗೆ ಬೇಡ.

ಹಾಗಾಗಿ ಮನೆಯನ್ನೇ ಹುಡುಕಿದೆ. ಒಂದೊಂದೇ ಸ್ವಿಚ್ ಬಂದ್ ಮಾಡುತ್ತಾ ಕೇಳಿದೆ. ದೊಡ್ಡ ಕಳ್ಳ ಫ್ಯಾನ್ ರೆಗ್ಯುಲೇಟರ್. ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ವೇಗ ತಗ್ಗಿಸುತ್ತದೆ. ಆ ಕತ್ತರಿಸಿದ ಅಂಚೇ ಆಂಪ್‌ನಲ್ಲಿ ಚರ್‌ರ್ ಎನ್ನುತ್ತದೆ. ಫ್ಯಾನ್ ಬಂದ್ ಮಾಡಿ ಬಾರಿಸಿ ಎನ್ನುವವರು ಒಮ್ಮೆ ಮೇ ತಿಂಗಳಲ್ಲಿ ಕಲಬುರಗಿಗೆ ಬರಬೇಕು. ಕಂಡೆನ್ಸರ್ ಇರುವ, ಟಕ್ ಟಕ್ ಎಂದು ಹಂತಹಂತವಾಗಿ ತಿರುಗುವ ರೆಗ್ಯುಲೇಟರ್ ಹಾಕಿಸಿದೆ. ಆ ಸದ್ದು ನಿಂತಿತು. ಹಳೆಯ ಚೋಕ್‌ನ ಟ್ಯೂಬ್‌ಲೈಟ್ ಕೂಡ ತೆಗೆಸಿದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಬಾರಿಸುವುದನ್ನೇ ಬಿಟ್ಟಿದ್ದೇನೆ, ಕರೆಂಟ್ ಹೋದರೆ ಬ್ಯಾಟರಿಯ ಸಣ್ಣ ಆಂಪ್. ಉಳಿದ ಹಮ್‌ಗೆ ಕೂರುವ ದಿಕ್ಕು ಬದಲಿಸುವುದೇ ಉಪಾಯ. ಗಿಟಾರ್ ಹಿಡಿದು ಮೆಲ್ಲಗೆ ಸುತ್ತಿದರೆ ಒಂದು ದಿಕ್ಕಿನಲ್ಲಿ ಹಮ್ ತಟ್ಟನೆ ತಗ್ಗುತ್ತದೆ. ನನ್ನ ಕುರ್ಚಿ ಈಗ ಅಲ್ಲೇ. ಒಳಗೆ ತಾಮ್ರದ ಟೇಪ್ ಹಚ್ಚಿದರೆ ಚರಚರ ಕಡಿಮೆಯಾಗುತ್ತದೆ, 50 ಹರ್ಟ್ಸ್ ಹಮ್ ಹೋಗುವುದಿಲ್ಲ.

ಅರ್ಥಿಂಗ್ ವಿಷಯ ತಮಾಷೆ ಅಲ್ಲ. ಗಿಟಾರ್‌ನ ಸ್ಟ್ರಿಂಗ್‌ಗಳು ಆಂಪ್‌ನ ಅರ್ಥ್‌ಗೆ ಕೂಡಿರುತ್ತವೆ, ಅಂದರೆ ನಿಮ್ಮ ಬೆರಳೂ ಅದಕ್ಕೆ ಕೂಡಿರುತ್ತದೆ. ಆಂಪ್‌ನ ಮೂರು ಪಿನ್ ಪ್ಲಗ್ಗನ್ನು ಎರಡು ಪಿನ್ ಅಡಾಪ್ಟರ್‌ಗೆ ಸಿಕ್ಕಿಸಿದರೆ ಅರ್ಥ್ ಕಡಿದಂತೆಯೇ. ನಮ್ಮ ಮನೆಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಪೂರ್ತಿ ಒಣಗಿತ್ತು. ಎಲೆಕ್ಟ್ರಿಷಿಯನ್ ಇದ್ದಿಲು, ಉಪ್ಪು ಮತ್ತೆ ತುಂಬಿ, "ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕ್ರಿ" ಎಂದು ಹೇಳಿ ಹೋದ. ಮದುವೆ ಸ್ಟೇಜ್‌ನಲ್ಲಿ ಜನರೇಟರ್ ಇದ್ದರೆ ಇನ್ನೂ ಹುಷಾರು. ಹಾಡುವ ಮೊದಲು ಮೈಕ್‌ನ ಜಾಲರಿಗೂ ಸ್ಟ್ರಿಂಗ್‌ಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡುತ್ತೇನೆ. ವೋಲ್ಟ್ ತೋರಿಸಿದರೆ ಸರಿಮಾಡುವ ತನಕ ಮುಟ್ಟುವುದಿಲ್ಲ.

ಕೊನೆಯ ಕೆಲಸ ವೈರಿಂಗ್. ವಾಲ್ಯೂಮ್ ತಗ್ಗಿಸಿದರೆ ಸದ್ದು ಮಂಕಾಗುತ್ತಿತ್ತು. ಹಳೆಯ ಗಿಬ್ಸನ್‌ಗಳಲ್ಲಿ ಟೋನ್‌ನ ಕಂಡೆನ್ಸರ್ ವಾಲ್ಯೂಮ್ ಪಾಟ್‌ನ (ನಾಬ್ ಕೆಳಗಿನ ತಿರುಗುವ ಭಾಗದ) ನಡುವಿನ ಕಾಲಿಗೆ ಕೂಡಿರುತ್ತಿತ್ತು, ನನ್ನದರಲ್ಲಿ ಪಿಕಪ್ ಬರುವ ಕಾಲಿಗೆ ಇತ್ತು. ಟಿವಿ ರಿಪೇರಿ ಮಾಡುವ ಗೆಳೆಯ ಒಂದೇ ವೈರ್ ಬದಲಿಸಿದ. ಕಂಡೆನ್ಸರ್ ಕೂಡ ಹೊಸದು: 223 ಎಂದು ಬರೆದದ್ದು, ಅಂದರೆ 0.022 ಮೈಕ್ರೋಫ್ಯಾರಡ್. ಹಳೆ ಕಾಲದ ಎಣ್ಣೆ ಕಂಡೆನ್ಸರ್‌ಗೆ ಜನ ಸಾವಿರಾರು ರೂಪಾಯಿ ಕೊಡುತ್ತಾರೆ ಎಂದಾಗ ಅವನು ನಕ್ಕ. "ಇದಕ್ ಚಾ ರೊಕ್ಕ ಕೊಡು ಸಾಕು" ಎಂದ.

ಈಗ ಎರಡು ನಾಬ್‌ಗಳೇ ನನ್ನ ಸ್ವಿಚ್. ಭಾವಗೀತೆಗೆ ವಾಲ್ಯೂಮ್ 5, ಟೋನ್ 4, ಹಾರ್ಮೋನಿಯಂ ಮೇಲೆ ಹತ್ತುವುದಿಲ್ಲ. ಕುಣಿಯುವ ಹಾಡಿಗೆ ಎರಡೂ ಪೂರ್ತಿ, ಆಂಪ್ ತಾನೇ ಒರಟಾಗುತ್ತದೆ. ಹಾಡು ಮುಗಿದ ಕೂಡಲೇ ವಾಲ್ಯೂಮ್ ಸೊನ್ನೆಗೆ ಇಳಿಸುತ್ತೇನೆ. ಇಲ್ಲದಿದ್ದರೆ ನಿರೂಪಕರು ಮದುಮಕ್ಕಳ ಹೆಸರು ಹೇಳುವಾಗ ಹಿಂದಿನಿಂದ ನನ್ನ ಹಮ್ ಕೇಳುತ್ತಿರುತ್ತದೆ.