ಒಂದು ಹೊತ್ತಿಗೆ ಒಂದೇ ಊರಿನ ಊಟ: ಜರ್ಮನಿಯ ನಮ್ಮ ಅಡುಗೆಮನೆ

ನಾನು ಹಾಸನದ ಕಡೆಯವನು. ನನ್ನ ಹೆಂಡತಿ ಜರ್ಮನಿಯ ಶ್ವಾಬಿಯಾದವಳು, ಅಂದರೆ ಸ್ಟುಟ್‌ಗಾರ್ಟ್ ಸುತ್ತಲಿನ ಸೀಮೆ. ಮನೆ ಅಲ್ಲೇ, ಅಡುಗೆ ಜಾಸ್ತಿ ನನ್ನದೇ. ಮಗಳು ಹುಟ್ಟಿದಾಗ ಎರಡೂ ಕಡೆಯವರು ಕೊಟ್ಟ ಸಲಹೆ ಒಂದೇ: ಎರಡೂ ಅಡುಗೆ ಬೆರೆಸಿಬಿಡಿ, ಮಗುವಿಗೆ ಎರಡೂ ರೂಢಿಯಾಗುತ್ತದೆ. ನಾವು ಒಪ್ಪಲಿಲ್ಲ. ಖಾರ ತೆಗೆದು, ಹುಳಿ ತೆಗೆದು, ಮೇಲೆ ಕ್ರೀಮ್ ಸುರಿದರೆ ಅದು ಯಾರ ಊರಿನ ಸಾರು ಹೇಳಿ? ಹಾಗಾಗಿ ನಮ್ಮ ಮನೆಯ ಕಟ್ಟಳೆ ಬೇರೆ. ಒಂದು ಹೊತ್ತಿಗೆ ಒಂದೇ ಊರಿನ ಊಟ. ಆ ಊಟದ ಜೊತೆ ಅದರ ಭಾಷೆ, ಅದನ್ನು ತಿನ್ನುವ ರೀತಿಯೂ ಬರಬೇಕು.

ಒಬ್ಬೊಬ್ಬ ಪೋಷಕರು ಒಂದೊಂದೇ ಭಾಷೆ ಆಡಬೇಕು ಅನ್ನುವ ಪದ್ಧತಿ ಹಳೆಯದು. ಫ್ರಾನ್ಸ್‌ನ ಜೂಲ್ ರೊಂಜಾ ಎಂಬ ಭಾಷಾಶಾಸ್ತ್ರಜ್ಞ ತನ್ನ ಮಗನ ಜೊತೆ ಫ್ರೆಂಚ್ ಮಾತ್ರ ಆಡಿದ, ಅವನ ಜರ್ಮನ್ ಹೆಂಡತಿ ಜರ್ಮನ್ ಮಾತ್ರ. 1913ರಲ್ಲೇ ಆತ ಅದರ ಬಗ್ಗೆ ಬರೆದ. ನಾವು ಅದನ್ನೇ ಒಲೆಯವರೆಗೆ ಎಳೆದುಕೊಂಡೆವು, ಅಷ್ಟೇ.

ಮೊದಲ ವರ್ಷ ಕಷ್ಟವಾಗಲಿಲ್ಲ. ಇಲ್ಲಿ ಮಗುವಿಗೆ ಐದರಿಂದ ಏಳನೇ ತಿಂಗಳೊಳಗೆ ಊಟ ಶುರು ಮಾಡುತ್ತಾರೆ. ಮೊದಲು ತರಕಾರಿ, ಆಲೂಗಡ್ಡೆ, ಮಾಂಸದ ಗಂಜಿ. ಆಮೇಲೆ ಹಾಲು ಮತ್ತು ಧಾನ್ಯದ ಗಂಜಿ. ಆ ಎರಡನೆಯದರ ಜಾಗದಲ್ಲಿ ರಾಗಿ ಸರಿ ತಾನಾಗೇ ಕೂತಿತು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವುದು. ಮೊಳಕೆ ಬಂದ ರಾಗಿಯ ಗಂಜಿ ಗಟ್ಟಿಯಾಗದೆ ತೆಳ್ಳಗೇ ಇರುತ್ತದೆ, ಮಗು ಸುಲಭವಾಗಿ ನುಂಗುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ ಅಂದಾಗ ನನ್ನ ಅತ್ತೆ ಡಬ್ಬ ತಿರುಗಿಸಿ ಓದಿ, ತಲೆಯಾಡಿಸಿದರು. ಮೊದಲ ವರ್ಷ ಉಪ್ಪು, ಸಕ್ಕರೆ, ಜೇನು ಮೂರೂ ಬೇಡ ಅನ್ನುವುದನ್ನು ನಾನು ಊರಿನಲ್ಲಿ ಅಮ್ಮನಿಗೆ ಒಪ್ಪಿಸಬೇಕಾಯಿತು. ಜೇನಿನ ವಿಷಯದಲ್ಲಿ ಜಗಳವೇ ಆಯಿತು. ಜೇನಿನಿಂದ ಎಳೆ ಮಕ್ಕಳಿಗೆ ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಇದರಲ್ಲಿ ಸಂಪ್ರದಾಯದ ಮಾತು ಕೇಳುವ ಹಾಗಿಲ್ಲ.

ನಿಜವಾದ ಪ್ರಶ್ನೆ ಎದ್ದಿದ್ದು ಸಂಜೆಯ ಊಟಕ್ಕೆ. ಇಲ್ಲಿ ಬಿಸಿ ಊಟ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಸಂಜೆ ಆರರ ಹೊತ್ತಿಗೆ ಬ್ರೆಡ್ಡು, ಬೆಣ್ಣೆ, ಚೀಸು, ಸೌತೆಕಾಯಿ, ಉಪ್ಪಿನಕಾಯಿ ಸೌತೆ. ಒಲೆ ಹಚ್ಚುವುದೇ ಇಲ್ಲ. ರಾತ್ರಿ ತಣ್ಣಗಿನ ಊಟ ಅಂದರೆ ನನಗೆ ಊಟವೇ ಅಲ್ಲ. ನನ್ನ ಹೆಂಡತಿಗೆ ರಾತ್ರಿ ಒಂಬತ್ತಕ್ಕೆ ಅನ್ನ ಸಾರು ಅಂದರೆ ನಿದ್ದೆಗೇಡು. ಕೊನೆಗೆ ಆದ ಒಪ್ಪಂದ ಇದು: ವಾರದ ಕೆಲವು ಸಂಜೆ ಬ್ರೆಡ್ಡು, ಉಳಿದ ಸಂಜೆ ನನ್ನ ಬಿಸಿ ಅಡುಗೆ, ಆದರೆ ಆರೂವರೆಯೊಳಗೆ. ಶನಿವಾರ ಮಧ್ಯಾಹ್ನ ಶ್ವಾಬಿಯಾ ಅಡುಗೆ. ಭಾನುವಾರ ಬೆಳಿಗ್ಗೆ ಇಡ್ಲಿ.

ಬ್ರೆಡ್ಡಿನ ಸಂಜೆ ಎಲ್ಲರ ಮುಂದೆ ಒಂದೊಂದು ಮರದ ಹಲಗೆ, ಚಾಕು. ಕೈಯಲ್ಲಿ ಕಲಸುವ ಹಾಗಿಲ್ಲ. ಮುದ್ದೆಯ ಸಂಜೆ ಚಮಚ ಮೇಜಿನ ಮೇಲೇ ಬರುವುದಿಲ್ಲ. ಮಗಳಿಗೆ ಮುದ್ದೆ ಕಲಿಸಿದ್ದನ್ನು ಸ್ವಲ್ಪ ಹೇಳಬೇಕು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರು ಕುದಿ ಬಂದಾಗ ಹಿಟ್ಟು ನಡುವೆ ರಾಶಿ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ, ಆಮೇಲೆ ಕೋಲಿನಲ್ಲಿ ತಿರುವುವುದು. ಇಲ್ಲಿನ ಗಾಜಿನ ಕರೆಂಟ್ ಒಲೆ ಆರಿಸಿದ ಮೇಲೂ ಸುಡುತ್ತಲೇ ಇರುತ್ತದೆ, ಅದಕ್ಕೆ ಎರಡು ನಿಮಿಷ ಮೊದಲೇ ಆರಿಸುತ್ತೇನೆ. ಪಾತ್ರೆಯನ್ನು ಕಾಲಲ್ಲಿ ಒತ್ತಿ ತಿರುವಲು ನೆಲದ ಮೇಲೆ ಒದ್ದೆ ಟವೆಲ್ ಹಾಸಬೇಕು, ಇಲ್ಲದಿದ್ದರೆ ಟೈಲ್ಸ್ ಮೇಲೆ ಜಾರುತ್ತದೆ. ಮಗಳಿಗೆ ಕಡಲೆಕಾಳಿನಷ್ಟು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಕೊಡುತ್ತಿದ್ದೆ. ಅಗಿಯಬೇಡ, ನಾಲಿಗೆಯಿಂದ ಹಿಂದಕ್ಕೆ ತಳ್ಳು ಅಂತ ಹೇಳಿದರೆ ನಗುತ್ತಿದ್ದಳು, ಆದರೆ ಬೇಗ ಕಲಿತಳು. ನನ್ನವಳು ಇವತ್ತಿಗೂ ಅಗಿಯುತ್ತಾಳೆ. ಅದಕ್ಕೇ ಅವಳಿಗೆ ಮುದ್ದೆ ಸೇರುವುದಿಲ್ಲ ಅನ್ನುವುದು ನನ್ನ ವಾದ.

ಖಾರಕ್ಕೆ ಸುಲಭದ ದಾರಿ: ಬೇಳೆ ಬೆಂದು, ಹುಳಿ ಬಿದ್ದ ಮೇಲೆ ಮಕ್ಕಳ ಪಾಲು ತೆಗೆದಿಟ್ಟು, ಆಮೇಲೆ ಉಳಿದದ್ದಕ್ಕೆ ಸಾರಿನ ಪುಡಿ. ಒಗ್ಗರಣೆ ಮಾತ್ರ ಎಲ್ಲರಿಗೂ ಒಂದೇ, ಮೆಣಸಿನಕಾಯಿ ಇಲ್ಲದೆ. ಮಕ್ಕಳ ನಾಲಿಗೆ ಬೆಳೆದಂತೆ ಪುಡಿ ಚಿಟಿಕೆ ಚಿಟಿಕೆ ಏರಿಸಿದೆವು. ಹೊಸ ರುಚಿಯನ್ನು ಮಗು ಹತ್ತು ಹದಿನೈದು ಸಲ ನೋಡಿದ ಮೇಲೆ ಒಪ್ಪುವುದೂ ಉಂಟು. ಎರಡು ಸಲ ಉಗುಳಿತು ಅಂತ ಕೈಬಿಟ್ಟರೆ ಹೇಗೆ ಅಲ್ವಾ? ಇನ್ನು ಒಣಮೆಣಸಿನಕಾಯಿ ಹುರಿಯುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆಯಲೇಬೇಕು. ಇಲ್ಲಿ ಮಲಗುವ ಕೋಣೆ, ಮಕ್ಕಳ ಕೋಣೆ, ಹೊರಗೆ ಹೋಗುವ ದಾರಿ, ಎಲ್ಲ ಕಡೆ ಹೊಗೆ ಅಲಾರಂ ಕಡ್ಡಾಯ.

ಇಡ್ಲಿಗೆ ಸಮಯದ ಲೆಕ್ಕ ಇರಬೇಕು. ಜರ್ಮನಿಯಲ್ಲಿ ಭಾನುವಾರ ಶಾಂತಿಯ ದಿನ. ಮಿಕ್ಸಿ ಗರ್ ಅಂದರೆ ಮೇಲಿನ ಮನೆಯವರು ಕೆಳಗಿಳಿದು ಬರುತ್ತಾರೆ. ಅದಕ್ಕೆ ಶನಿವಾರ ಬೆಳಿಗ್ಗೆ ನೆನೆಹಾಕಿ, ಮಧ್ಯಾಹ್ನದ ಮೇಲೆ ರುಬ್ಬುತ್ತೇನೆ. ಊರಿನ ಮಿಕ್ಸಿಯೇ ಸಾಕು, ವೋಲ್ಟೇಜು ಎರಡೂ ಕಡೆ 230, ಪ್ಲಗ್ಗಿಗೆ ಮಾತ್ರ ಅಡಾಪ್ಟರ್ ಬೇಕು. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ. ಚಳಿಗಾಲದಲ್ಲಿ ಅಡುಗೆಮನೆ ಇಪ್ಪತ್ತು ಡಿಗ್ರಿ ದಾಟುವುದಿಲ್ಲ, ಹಿಟ್ಟಿಗೆ ಮೂವತ್ತರ ಹತ್ತಿರ ಬೇಕು. ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ಪಾತ್ರೆ ಒಳಗಿಟ್ಟರೆ ಬೆಳಿಗ್ಗೆಗೆ ಉಕ್ಕಿರುತ್ತದೆ. ಕೆಳಗೊಂದು ತಟ್ಟೆ ಇಡಿ.

ಇದನ್ನು ನೋಡಿ ಅತ್ತೆಯವರು ತಮ್ಮ ಮಣ್ಣಿನ ಜಾಡಿ ತೋರಿಸಿದರು. ಅವರು ಶರತ್ಕಾಲದಲ್ಲಿ ಎಲೆಕೋಸು ಹುದುಗಿಸುತ್ತಾರೆ. ಒಂದು ಕಿಲೋ ಹೆಚ್ಚಿದ ಕೋಸಿಗೆ 20 ಗ್ರಾಂ ಉಪ್ಪು, ನೀರು ಬಿಡುವವರೆಗೆ ಕೈಯಲ್ಲಿ ಹಿಸುಕಿ, ಜಾಡಿಗೆ ಒತ್ತಿ ತುಂಬಿ, ಮೇಲೆ ಕಲ್ಲು. ಕೆಲವು ವಾರ ಬಿಟ್ಟು ತೆಗೆಯುವುದು. ಆಮೇಲೆ ನನಗೆ ಗೊತ್ತಾದದ್ದು, ಕೋಸನ್ನು ಹುಳಿ ಮಾಡಲು ಶುರು ಹಚ್ಚುವ ಬ್ಯಾಕ್ಟೀರಿಯಾ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್, ಇಡ್ಲಿ ಹಿಟ್ಟನ್ನು ಉಕ್ಕಿಸುವುದರಲ್ಲಿ ದೊಡ್ಡ ಕೈಯೂ ಅದರದ್ದೇ. ನಾನು ಇದನ್ನು ಹೇಳಿದ ದಿನದಿಂದ ಅತ್ತೆ ನನ್ನ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡುವುದು, ನಾನು ಅವರ ಜಾಡಿಗೆ ಮೂಗು ತೂರಿಸುವುದು ನಡೆದೇ ಇದೆ.

ಶನಿವಾರದ ಶ್ವಾಬಿಯಾ ಅಡುಗೆಯಲ್ಲಿ ಬೇಳೆಯೂ ಇದೆ. ಇಡೀ ಲೆಂಟಿಲ್ ಕಾಳು ಬೇಯಿಸಿ ಕೊನೆಗೆ ವಿನಿಗರ್ ಹಾಕುತ್ತಾರೆ, ಜೊತೆಗೆ ಶ್ಪೆಟ್ಸ್ಲೆ. ಮೊಟ್ಟೆ, ಮೈದಾ ಕಲಸಿದ ಹಿಟ್ಟನ್ನು ಒದ್ದೆ ಹಲಗೆಯಿಂದ ಕುದಿಯುವ ನೀರಿಗೆ ಚಾಕುವಿನಲ್ಲಿ ಕೆರೆದು ಬಿಡುವುದು, ತೇಲಿ ಮೇಲೆ ಬಂದರೆ ಬೆಂದಂತೆ. ನಮ್ಮ ಚನ್ನಂಗಿ ಬೇಳೆಯೂ ಅದೇ ಜಾತಿಯ ಕಾಳು. ಶ್ವಾಬಿಯಾದ ಗುಡ್ಡಗಾಡಿನ ಹಳೆಯ ಲೆಂಟಿಲ್ ತಳಿ ಕಣ್ಮರೆಯಾಗಿ, 2006ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವವಿಲೋವ್ ಬೀಜಭಂಡಾರದಲ್ಲಿ ಮತ್ತೆ ಸಿಕ್ಕಿತು. ಈ ಕಥೆ ಶನಿವಾರ ಮೇಜಿನಲ್ಲಿ ಆಗಾಗ ಬರುತ್ತದೆ, ಜರ್ಮನ್‌ನಲ್ಲಿ.

ಬೆರೆಸಬಾರದು ಅನ್ನುವ ಕಟ್ಟಳೆ ದೊಡ್ಡವರಿಗೆ ಮಾತ್ರ. ಮಗಳು ಮಿಕ್ಕ ಶ್ಪೆಟ್ಸ್ಲೆಗೆ ಬೇಳೆ ಸಾರು ಹಾಕಿಕೊಂಡು ತಿನ್ನುತ್ತಾಳೆ. ನಾವು ಏನೂ ಅನ್ನುವುದಿಲ್ಲ. ಅವಳಿಗೆ ಎರಡರ ರುಚಿಯೂ ಬೇರೆ ಬೇರೆಯಾಗಿ ಗೊತ್ತು, ಬೆರೆಸುವ ಹಕ್ಕು ಅವಳಿಗಿದೆ. ಶಾಲೆಯ ಡಬ್ಬಿಗೂ ಅಷ್ಟೇ. ಎಲ್ಲರ ಹಾಗೆ ಬ್ರೆಡ್ಡು ಬೇಕು ಅಂದಾಗ ಬ್ರೆಡ್ಡನ್ನೇ ಹಾಕಿದೆವು. ನಮ್ಮ ಸಂಸ್ಕೃತಿಯನ್ನು ಹತ್ತು ಗಂಟೆಯ ಬಿಡುವಿನಲ್ಲಿ ಮಗುವಿನ ಕೈಲಿ ಹೊರಿಸುವುದು ನನಗೆ ಇಷ್ಟವಿಲ್ಲ.

ಭಾಷೆಯ ವಿಷಯದಲ್ಲಿ ಈ ಪದ್ಧತಿಗೆ ಒಂದು ಮಿತಿ ಇದೆ. ಹುರಿ, ಬಾಡಿಸು, ಜಾಲಿಸು, ಸೌಟು, ಜರಡಿ ಎಲ್ಲ ಅವಳಿಗೆ ಬರುತ್ತದೆ. ಆದರೆ ಶಾಲೆಯಲ್ಲಿ ಆದ ಜಗಳವನ್ನು ಕನ್ನಡದಲ್ಲಿ ಹೇಳಲು ಹೋದರೆ ಮೂರನೇ ವಾಕ್ಯಕ್ಕೆ ಜರ್ಮನ್ ಬಂದುಬಿಡುತ್ತದೆ. ಅದಕ್ಕೆ ಈಗ ಇಡ್ಲಿ ಬೇಯುವ ಹೊತ್ತಿಗೆ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಕೂರಿಸುತ್ತೇನೆ. ಅಡುಗೆ ಮಾತು ಆಡಬಾರದು ಅನ್ನುವುದು ಷರತ್ತು. ಅದನ್ನು ಹೆಚ್ಚಾಗಿ ಮುರಿಯುವುದು ಅಜ್ಜಿಯೇ.