ಹಲಸಿನ ಹಣ್ಣಿನ ಮುಳ್ಕ: ಮೈಸೂರಿನ ಹಣ್ಣಿಗೆ, ಮಂಡ್ಯದ ಬೆಲ್ಲಕ್ಕೆ ಹೊಂದುವ ಅಳತೆ

ಮುಳ್ಕ ಎಂದರೆ ಹಲಸಿನ ಹಣ್ಣು, ಅಕ್ಕಿ, ಬೆಲ್ಲ ರುಬ್ಬಿ ಎಣ್ಣೆಯಲ್ಲಿ ಕರಿಯುವ ಸಿಹಿ; ಕರಾವಳಿ, ಮಲೆನಾಡಿನ ಅಡುಗೆಮನೆಯಿಂದ ಬಂದ ತಿಂಡಿ. ಅಲ್ಲಿನ ಅಳತೆಯನ್ನೇ ಹಿಡಿದು ಮೈಸೂರಿನಲ್ಲಿ ಮಾಡಿದರೆ ಒಂದು ಸಲ ಚೆನ್ನಾಗಿ ಬರುತ್ತದೆ, ಇನ್ನೊಂದು ಸಲ ಬಾಂಡ್ಲಿಗೆ ಬಿಟ್ಟ ಹಿಟ್ಟು ಅಲ್ಲೇ ಬಿಚ್ಚಿಕೊಂಡು ಹರಡುತ್ತದೆ. ಹಣ್ಣಿನೊಳಗಿರುವ ನೀರು ಮರದಿಂದ ಮರಕ್ಕೆ, ಮಳೆಗೆ ಮುಂಚೆ ಒಂದು, ಮಳೆ ಬಿದ್ದ ಮೇಲೆ ಇನ್ನೊಂದು. ಹಾಗಾಗಿ ‘ಒಂದು ಲೋಟ ಹಣ್ಣಿಗೆ ಒಂದು ಲೋಟ ಅಕ್ಕಿ’ ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ಹಣ್ಣನ್ನು ತೂಕ ಮಾಡಿ, ರುಬ್ಬಿ, ಅದು ಎಷ್ಟು ಸಡಿಲವಾಗಿದೆ ಎಂದು ನೋಡಿದ ಮೇಲೆಯೇ ಅಕ್ಕಿ, ಬೆಲ್ಲ ತೀರ್ಮಾನವಾಗಬೇಕು. ಹಿಟ್ಟಿಗೆ ಒಂದು ಹನಿಯೂ ನೀರು ಸೇರಬಾರದು.

ನಮ್ಮ ಕಡೆ ಹಲಸು ಏಪ್ರಿಲ್ ಕೊನೆಗೆ ಕಾಣಿಸಿಕೊಂಡು ಜುಲೈವರೆಗೂ ಸಿಗುತ್ತದೆ. ಕರಿಯುವುದಕ್ಕೆ ಒಳ್ಳೆಯದು ಮೇ ತಿಂಗಳ ಹಣ್ಣು. ಮುಂಗಾರು ಹಿಡಿದುಕೊಂಡ ಮೇಲೆ ತೊಳೆ ನೀರು ತುಂಬಿಕೊಂಡು ಸಪ್ಪೆಯಾಗುತ್ತದೆ. ಆಷಾಢದಲ್ಲಿ ಮಾಡುವವರು ಅಕ್ಕಿಯನ್ನು ಸ್ವಲ್ಪ ಹೆಚ್ಚಿಸಿಕೊಳ್ಳಲೇಬೇಕು. ಇಡೀ ಹಣ್ಣು ತರುವುದಾದರೆ ಮುಳ್ಳುಗಳು ಅಗಲವಾಗಿ, ಮೊನೆ ಮೊಂಡಾಗಿರಬೇಕು; ತಟ್ಟಿದರೆ ಟೊಳ್ಳು ಸದ್ದು ಬರಬೇಕು; ತೊಟ್ಟಿನ ಹತ್ತಿರ ಘಮ ಇರಬೇಕು. ಬೀಜ ತೆಗೆದ ಮೇಲೆ ಉಳಿಯುವ ತೊಳೆ ಹಣ್ಣಿನ ತೂಕದ ಸುಮಾರು ಮೂರನೇ ಒಂದು ಭಾಗ ಎಂದು ಲೆಕ್ಕ ಇಟ್ಟುಕೊಂಡರೆ ಸಾಕು. ದೇವರಾಜ ಮಾರುಕಟ್ಟೆಯ ಸುತ್ತಮುತ್ತ, ತಳ್ಳುಗಾಡಿಗಳಲ್ಲಿ ಬಿಡಿಸಿದ ತೊಳೆಯೇ ಸಿಗುತ್ತದೆ. ಅದನ್ನು ಕೊಳ್ಳುವಾಗ ಕವರಿನ ತಳ ನೋಡಿ: ಅಲ್ಲಿ ರಸ ನಿಂತಿದ್ದರೆ ಬೆಳಗ್ಗೆಯೇ ಬಿಡಿಸಿಟ್ಟದ್ದು, ಹುಳಿ ಹತ್ತಿರ ಬಂದಿರುತ್ತದೆ.

ತೊಳೆಯಲ್ಲಿ ಎರಡು ಬಗೆ. ಗಟ್ಟಿಯಾಗಿ, ಕಚ್ಚಿದರೆ ಕರಕರ ಎನ್ನುವುದು ಒಂದು. ಮೆತ್ತಗೆ, ನಾರುನಾರಾಗಿ ಜಾರಿ ಹೋಗುವುದು ಇನ್ನೊಂದು. ಮೆತ್ತನೆಯದನ್ನು ತಿನ್ನುವುದಕ್ಕೆ ಇಲ್ಲಿ ಹೆಚ್ಚು ಜನ ಇಷ್ಟಪಡುವುದಿಲ್ಲ, ಆದರೆ ಮುಳ್ಕಕ್ಕೆ ಅದರ ಘಮ ಗಟ್ಟಿ ತೊಳೆಗಿಲ್ಲ. ಎರಡನ್ನೂ ಅರ್ಧರ್ಧ ಸೇರಿಸಿದರೆ ರುಚಿಯೂ ಹಿಟ್ಟಿನ ಹದವೂ ಕೈಗೆ ಸಿಗುತ್ತವೆ. ತುಮಕೂರು ಜಿಲ್ಲೆಯ ಚೇಳೂರಿನಿಂದ ಹೆಸರಾದ ಸಿದ್ದು ಹಲಸಿನಂಥ ಕೆಂಪು ತೊಳೆಯ ಹಣ್ಣುಗಳು ಮೈಸೂರಿನ ನಂಜರಾಜ ಬಹದ್ದೂರ್ ಛತ್ರದ ಹಲಸಿನ ಹಬ್ಬದಂಥ ಕಡೆ ಸಿಕ್ಕರೆ ಹಾಗೇ ತಿನ್ನಿ. ಆ ಬಣ್ಣ ಎಣ್ಣೆಯಲ್ಲಿ ನಿಲ್ಲುವುದಿಲ್ಲ, ಬೆಲೆಯೂ ಕರಿಯುವುದಕ್ಕೆ ಒಗ್ಗುವಂಥದ್ದಲ್ಲ.

ಬಿಡಿಸುವುದಕ್ಕೆ ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಕೆಳಗೆ ಹಳೆ ಪೇಪರ್ ಹಾಸಿ. ಮೇಣ ಅಂಟಿದರೆ ನೀರಿಗೆ ಹೋಗುವುದಿಲ್ಲ, ಎಣ್ಣೆಗೇ ಹೋಗುವುದು. ಬೀಜದ ಜೊತೆ ಅದರ ಮೇಲಿನ ತೆಳು ಪೊರೆಯನ್ನೂ ತೆಗೆಯಬೇಕು. ಅದು ಮಿಕ್ಸಿಯಲ್ಲಿ ನುಣ್ಣಗಾಗದೆ ಬಾಯಿಗೆ ಸಿಗುತ್ತದೆ. ಬೀಜ ಎತ್ತಿಡಿ, ಹುಳಿಗೆ ಆಗುತ್ತದೆ.

ಬೀಜ ತೆಗೆದ ಅರ್ಧ ಕೆ.ಜಿ. ತೊಳೆಗೆ ನಾನು ತೆಗೆದುಕೊಳ್ಳುವುದು 250 ಗ್ರಾಂ ಸೋನಾ ಮಸೂರಿ ಅಕ್ಕಿ, 150 ಗ್ರಾಂ ಬೆಲ್ಲ, 60 ಗ್ರಾಂ ತೆಂಗಿನ ತುರಿ, ಒಂದು ಚಮಚ ಬಿಳಿ ಎಳ್ಳು, ನಾಲ್ಕು ಏಲಕ್ಕಿ, ಕಾಲು ಟೀ ಚಮಚ ಉಪ್ಪು. ಇದಕ್ಕೆ 25 ಗ್ರಾಂ ತೂಕದ ಮುಳ್ಕ ಸುಮಾರು ನಲವತ್ತು ಬರುತ್ತವೆ. ಉಪ್ಪನ್ನು ಬಿಡಬೇಡಿ, ಅದಿಲ್ಲದಿದ್ದರೆ ಹಲಸಿನ ಸಿಹಿ ಮೊದ್ದಾಗಿ ಉಳಿಯುತ್ತದೆ. ಅಕ್ಕಿ ಹಳೆಯದಾಗಿರಲಿ. ಹೊಸ ಅಕ್ಕಿ ರುಬ್ಬಿದಾಗ ಅಂಟಂಟಾಗಿ ಮುಳ್ಕದ ಒಳಗೆ ಹಸಿ ಹಿಟ್ಟಿನಂತೆ ಕೂರುತ್ತದೆ. ಇಡ್ಲಿಗೆ ಬಳಸುವ ಕುಸುಬಲಕ್ಕಿಯಲ್ಲಿ ಮಾಡಿದರೆ ಆರಿದ ಮೇಲೆ ಬಿರುಸು.

ಅಕ್ಕಿಯನ್ನು ಎರಡು ಗಂಟೆ ನೆನೆಸಿದರೆ ಸಾಕು. ರಾತ್ರಿಯಿಡೀ ನೆನೆದ ಅಕ್ಕಿ ಮಿಕ್ಸಿಯಲ್ಲಿ ಬೇಗ ಹಿಟ್ಟಾಗಿಬಿಡುತ್ತದೆ, ನಮಗೆ ಬೇಕಾದ್ದು ತರಿ. ನೆನೆದ ಅಕ್ಕಿ ತನ್ನ ತೂಕದ ಕಾಲು ಭಾಗಕ್ಕೂ ಹೆಚ್ಚು ನೀರು ಕುಡಿದಿರುತ್ತದೆ. ಇದರ ಮೇಲೆ ಹೊರಗಿನ ನೀರೂ ಸೇರಿದರೆ ಹದ ಕೈ ತಪ್ಪುತ್ತದೆ. ಆದ್ದರಿಂದ ಜರಡಿಯಲ್ಲಿ ಹತ್ತು ನಿಮಿಷ ಬಸಿದು, ಒಣ ಬಟ್ಟೆಯ ಮೇಲೆ ಇನ್ನೊಂದು ಹದಿನೈದು ನಿಮಿಷ ಹರಡಿ. ಮುಟ್ಟಿದರೆ ತಣ್ಣಗೆ ಇರಬೇಕು, ಕೈ ಒದ್ದೆಯಾಗಬಾರದು.

ಬೆಲ್ಲದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂಡ್ಯ ಸೀಮೆಯವರಿಗೆ ಬೆಲ್ಲದ ಆಯ್ಕೆ ಬೇಕಾದಷ್ಟಿದೆ: ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಆಲೆಮನೆಯಿಂದ ನೇರ ತಂದ ಉಂಡೆ. ಹಳದಿಗೆ ಹೊಳೆಯುವ ಬೆಲ್ಲ ಬಣ್ಣ ಬಿಡಿಸಲು ಹೈಡ್ರೋಸ್ ಎಂಬ ರಾಸಾಯನಿಕ ಬಳಸಿದ್ದಿರಬಹುದು, ಅದು ನನಗೆ ಬೇಡ. ಕಂದು ಬಣ್ಣದ, ಮುರಿದರೆ ಒಳಗೆ ಸಣ್ಣ ಹರಳು ಕಾಣುವ ಗಟ್ಟಿ ಬೆಲ್ಲ ಇದಕ್ಕೆ ಸರಿ. ಮಳೆಗಾಲದಲ್ಲಿ ನೀರು ಬಿಟ್ಟುಕೊಂಡು ಮೆತ್ತಗಾದ ಬೆಲ್ಲವನ್ನು ಪಾಯಸಕ್ಕೆ ಹಾಕಿ. ಮುಳ್ಕಕ್ಕೆ ಅದು ಎರಡು ರೀತಿ ಕೆಡುಕು: ಹಿಟ್ಟನ್ನು ಸಡಿಲ ಮಾಡುತ್ತದೆ, ಎಣ್ಣೆಯಲ್ಲಿ ಬೇಗ ಕಪ್ಪಾಗುತ್ತದೆ.

ಬೆಲ್ಲವನ್ನು ಕರಗಿಸಿ ಸೋಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ, ಇಲ್ಲಿ ಅದೇ ತೊಂದರೆ ತರುತ್ತದೆ. ಅರ್ಧ ಲೋಟ ನೀರಲ್ಲಿ ಕರಗಿಸಿದ ಬೆಲ್ಲ ಸೇರಿಸಿದರೆ ಆ ನೀರನ್ನು ಹೀರಲು ಅಕ್ಕಿ ಹಿಟ್ಟು ಸುರಿಯಬೇಕು. ಹಿಟ್ಟು ಸುರಿದರೆ ಹಲಸಿನ ರುಚಿ ಹೋಯಿತು. ಬೆಲ್ಲ ಚೊಕ್ಕವಾಗಿದ್ದರೆ ಹೆರೆದು ಹಾಗೇ ಹಾಕಿ. ಮಣ್ಣು, ಕಸ ಇದ್ದರೆ ಎರಡೇ ಚಮಚ ನೀರಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ, ಸೋಸಿ, ಮತ್ತೆ ಒಲೆಗಿಟ್ಟು ಸೌಟಿನಿಂದ ದಪ್ಪವಾಗಿ ಜಾರುವವರೆಗೆ ಕುದಿಸಿ, ಪೂರ್ತಿ ಆರಿಸಿ ಸೇರಿಸಿ. ಕಜ್ಜಾಯದಂತೆ ಉಂಡೆ ಪಾಕ ಬೇಕಿಲ್ಲ, ಆ ಹದಕ್ಕೆ ಹೋದರೆ ಹಿಟ್ಟಿನಲ್ಲಿ ಕಲೆಯದೆ ಗಂಟಾಗುತ್ತದೆ.

150 ಗ್ರಾಂ ಎಂಬುದು ಸಾಧಾರಣ ಸಿಹಿಯ ಹಣ್ಣಿಗೆ. ಮೇ ತಿಂಗಳ ಒಳ್ಳೆಯ ಹಣ್ಣಿಗೆ 110–120 ಗ್ರಾಂ ಸಾಕು. ಸಪ್ಪೆ ಹಣ್ಣು ಸಿಕ್ಕಿತೆಂದು 200ಕ್ಕೆ ಏರಿಸಬೇಡಿ. ಕಜ್ಜಾಯ ಮಾಡಿದವರಿಗೆ ಗೊತ್ತು, ಬೆಲ್ಲ ಮಿತಿ ಮೀರಿದರೆ ಎಣ್ಣೆಯಲ್ಲಿ ಪುಡಿಯಾಗಿ ಹರಡುತ್ತದೆ, ಇಲ್ಲೂ ಹಾಗೆಯೇ. ಸಿಹಿ ಸಾಲದಿದ್ದರೆ ತಿನ್ನುವಾಗ ಜೇನುತುಪ್ಪ ಇದೆ.

ರುಬ್ಬುವಾಗ ಅಕ್ಕಿ, ತೆಂಗಿನ ತುರಿ, ಏಲಕ್ಕಿ ಮೊದಲು. ಮಿಕ್ಸಿಯನ್ನು ಒಂದೇ ಸಮ ಓಡಿಸದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಉಪ್ಪಿಟ್ಟಿನ ರವೆಗಿಂತ ಸಣ್ಣ, ಚಿರೋಟಿ ರವೆಗಿಂತ ದಪ್ಪ ತರಿ ಬಂದಾಗ ಅಗಲ ಪಾತ್ರೆಗೆ ತೆಗೆಯಿರಿ. ಈ ತರಿಯೇ ಮುಳ್ಕದ ಹೊರಗನ್ನು ಗರಿಯಾಗಿಸುವುದು, ಒಳಗಿನ ಹಬೆಗೆ ದಾರಿ ಬಿಡುವುದೂ ಅದೇ. ಪೂರ್ತಿ ನುಣ್ಣಗೆ ರುಬ್ಬಿದರೆ ಮೇಲ್ಮೈ ಮುಚ್ಚಿಕೊಂಡು, ಹಬೆ ಸಿಕ್ಕಿಹಾಕಿಕೊಂಡು, ಮುಳ್ಕ ಎಣ್ಣೆಯಲ್ಲೇ ಸಿಡಿಯುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮುಖಕ್ಕೆ ಎಣ್ಣೆ ಹಾರುವಷ್ಟು ಜೋರಾಗಿ ಸಿಡಿಯಬಹುದು. ಆಮೇಲೆ ತೊಳೆಯನ್ನು ಸಣ್ಣಗೆ ಹೆಚ್ಚಿ ಬೇರೆಯಾಗಿ ರುಬ್ಬಿ. ಗಟ್ಟಿ ತೊಳೆ ನೀರಿಲ್ಲದೆ ತಿರುಗುವುದಿಲ್ಲ ಅನ್ನಿಸಿದರೆ ಹೆರೆದ ಬೆಲ್ಲದಲ್ಲಿ ಅರ್ಧವನ್ನು ಅದರ ಜೊತೆಗೇ ಹಾಕಿ. ಬೆಲ್ಲ ಹಣ್ಣಿನ ರಸವನ್ನು ಹೊರಗೆಳೆಯುತ್ತದೆ, ಬ್ಲೇಡು ತಾನಾಗಿ ತಿರುಗುತ್ತದೆ.

ರುಬ್ಬಿದ ಹಣ್ಣನ್ನು ತರಿಗೆ ಒಮ್ಮೆಲೇ ಸುರಿಯದೆ, ನಾಲ್ಕರಲ್ಲಿ ಮೂರು ಪಾಲು ಸೇರಿಸಿ, ಉಳಿದ ಬೆಲ್ಲ, ಎಳ್ಳು, ಉಪ್ಪು ಹಾಕಿ ಕಲಸಿ ನೋಡಿ. ಉದ್ದಿನ ವಡೆ ಹಿಟ್ಟಿಗಿಂತ ಒಂದು ಚೂರು ಸಡಿಲ ಇರಬೇಕು. ತಟ್ಟೆಯ ಮೇಲೆ ಒಂದು ಚಮಚ ಹಾಕಿದರೆ ಗುಡ್ಡೆಯಾಗಿ ನಿಲ್ಲಬೇಕು, ಅರ್ಧ ನಿಮಿಷದಲ್ಲಿ ಅಂಚು ಹರಿಯಬಾರದು. ಹಾಗಿದ್ದರೆ ಉಳಿದ ಹಣ್ಣನ್ನೂ ಸೇರಿಸಿ, ಮತ್ತೆ ನೋಡಿ. ಸಡಿಲವಾಯಿತೆಂದರೆ ಎರಡು ಚಮಚ ಅಕ್ಕಿ ಹಿಟ್ಟು ಅಥವಾ ಅಕ್ಕಿ ತರಿ ಹಾಕಿ ಹತ್ತು ನಿಮಿಷ ಬಿಡಿ. ಹಾಕಿದ ತಕ್ಷಣ ಅಳೆಯಬೇಡಿ, ತರಿ ನೀರು ಎಳೆದುಕೊಳ್ಳಲು ಸಮಯ ಬೇಕು. ಚಿರೋಟಿ ರವೆ, ಮೈದಾ ಹಾಕಿ ಗಟ್ಟಿ ಮಾಡುವವರಿದ್ದಾರೆ. ಅದರಿಂದ ಮುಳ್ಕ ಒಡೆಯುವುದಿಲ್ಲ ನಿಜ, ಆದರೆ ಜಗಿಯುವಾಗ ಎಳೆಯುತ್ತದೆ. ಅಡುಗೆ ಸೋಡಾ ಬೇಡವೇ ಬೇಡ: ಎಣ್ಣೆ ಕುಡಿಯುತ್ತದೆ, ಬೆಲ್ಲದ ಜೊತೆ ಸೇರಿ ಬಣ್ಣ ಕಪ್ಪಿಗೆ ತಿರುಗುತ್ತದೆ.

ಕಲಸಿದ ಹಿಟ್ಟನ್ನು ಅರ್ಧ ಗಂಟೆಯೊಳಗೆ ಕರಿಯಲು ಶುರುಮಾಡಿ. ಹೆಚ್ಚು ಹೊತ್ತು ಇಟ್ಟರೆ ಬೆಲ್ಲ ನೀರು ಬಿಟ್ಟು ತಳದಲ್ಲಿ ರಸ ನಿಲ್ಲುತ್ತದೆ, ಬೇಸಿಗೆಯಲ್ಲಿ ಹುಳಿಯೂ ಬರುತ್ತದೆ.

ಎಣ್ಣೆ ಯಾವುದು? ಕರಾವಳಿಯವರು ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಒಪ್ಪುವುದಿಲ್ಲ, ಹಲಸಿನ ಜೊತೆ ಅದರ ಹೊಂದಾಣಿಕೆ ನಿಜಕ್ಕೂ ಚೆಂದ. ನಮ್ಮ ಕಡೆ ಗಾಣದ ಕಡಲೆಕಾಯಿ ಎಣ್ಣೆ ಸುಲಭವಾಗಿ ಸಿಗುತ್ತದೆ, ನಾನು ಅದರಲ್ಲೇ ಕರಿಯುವುದು. ಕಬ್ಬಿಣದ ಬಾಂಡ್ಲಿಯಲ್ಲಿ ಎರಡು ಇಂಚು ಎಣ್ಣೆ ಇರಲಿ. ತೆಳು ಅಲ್ಯೂಮಿನಿಯಂ ಬಾಂಡ್ಲಿ ಹಿಟ್ಟು ಬಿಟ್ಟ ಕೂಡಲೇ ತಣ್ಣಗಾಗಿ, ಆಮೇಲೆ ಉರಿ ಏರಿಸಿದರೆ ಒಮ್ಮೆಲೇ ಕಾಯುತ್ತದೆ. ಬೆಲ್ಲ ಇರುವ ತಿಂಡಿಗೆ ಈ ಏರಿಳಿತ ಒಗ್ಗುವುದಿಲ್ಲ.

ಥರ್ಮಾಮೀಟರ್ ಇದ್ದರೆ 165 ಡಿಗ್ರಿಯಲ್ಲಿ ಬಿಟ್ಟು, 155–160ರಲ್ಲಿ ಕಾಯ್ದುಕೊಳ್ಳಿ. ಇಲ್ಲದಿದ್ದರೆ ಕಡಲೆಕಾಳಿನಷ್ಟು ಹಿಟ್ಟು ಬಿಟ್ಟು ನೋಡಿ. ತಳಕ್ಕೆ ಹೋಗಿ, ಮೂರು ನಾಲ್ಕು ಎಣಿಸುವಷ್ಟರಲ್ಲಿ ನಿಧಾನಕ್ಕೆ ಮೇಲೆ ಬಂದರೆ ಸರಿ. ಮುಳುಗದೇ ಚುರ್ ಎಂದು ತೇಲಿದರೆ ಕಾವು ಜಾಸ್ತಿ, ತಳದಲ್ಲೇ ಕೂತರೆ ಕಡಿಮೆ. ಬೋಂಡಾ ಬಿಡುವ ಹಾಗೆ ಬೆರಳ ತುದಿಯಿಂದ, ಎಣ್ಣೆಗೆ ಹತ್ತಿರವೇ ಜಾರಿಸಿ. ಸಣ್ಣ ನಿಂಬೆಹಣ್ಣಿಗಿಂತ ದೊಡ್ಡದು ಬೇಡ, ಅದಕ್ಕಿಂತ ದಪ್ಪವಾದರೆ ಹೊರಗೆ ಕಪ್ಪಾಗುವಷ್ಟರಲ್ಲಿ ಒಳಗೆ ಬೆಂದಿರುವುದಿಲ್ಲ. ಒಂದು ಸಲಕ್ಕೆ ಎಂಟೋ ಒಂಬತ್ತೋ ಸಾಕು.

ಬಿಟ್ಟ ಮೇಲೆ ಒಂದು ನಿಮಿಷ ಮುಟ್ಟಬೇಡಿ. ಹೊರಪದರ ಗಟ್ಟಿಯಾಗುವ ಮುಂಚೆ ಸೌಟು ತಾಗಿದರೆ ಅಲ್ಲೇ ಒಡೆಯುತ್ತದೆ. ಆಮೇಲೆ ಮೆಲ್ಲಗೆ ಹೊರಳಿಸುತ್ತಾ, ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿ ಐದಾರು ನಿಮಿಷ. ಎರಡು ನಿಮಿಷಕ್ಕೇ ಬಣ್ಣ ಬಂದುಬಿಟ್ಟರೆ ಅದು ಬೆಂದದ್ದಲ್ಲ, ಬೆಲ್ಲ ಮತ್ತು ಹಣ್ಣಿನ ಸಕ್ಕರೆ ಸೀದದ್ದು. ಬೆಂದದ್ದು ಗೊತ್ತಾಗುವುದು ಗುಳ್ಳೆಗಳಿಂದ: ಸುತ್ತ ಏಳುವ ಗುಳ್ಳೆ ಸಣ್ಣದಾಗಿ, ಸದ್ದು ತಗ್ಗುತ್ತದೆ. ಕಂದುಗೆಂಪು ಬಣ್ಣ ಇನ್ನೂ ಒಂದು ಚೂರು ಸಾಲದು ಅನ್ನಿಸಿದಾಗಲೇ ಜಾಲರಿಯಿಂದ ಎತ್ತಿ, ತೆಗೆದ ಮೇಲೂ ಅದು ಕಪ್ಪಾಗುತ್ತದೆ. ಮೊದಲು ಒಂದನ್ನೇ ಕರಿದು, ಮುರಿದು ನೋಡಿದ ಮೇಲೆ ಉಳಿದದ್ದನ್ನು ಬಿಡಿ. ಒಳಗೆ ಅಂಟಾಗಿದ್ದರೆ ಉರಿ ಇಳಿಸಿ. ಹರಡಿ ಬಿಚ್ಚಿಕೊಂಡರೆ ಅಕ್ಕಿ ಹಿಟ್ಟು ಸೇರಿಸಿ. ಗಟ್ಟಿಯಾಗಿ ಉಂಡೆಯಂತಿದ್ದರೆ ಒಂದೆರಡು ಚಮಚ ರುಬ್ಬಿದ ಹಣ್ಣು, ಅದಿಲ್ಲದಿದ್ದರೆ ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ ಹಾಕಿ. ಎಣ್ಣೆ ಹೀರಿದ್ದರೆ ಕಾವು ಕಡಿಮೆಯೋ, ಹಿಟ್ಟು ಸಡಿಲವೋ, ಬೆಲ್ಲ ಹೆಚ್ಚೋ ಎಂದು ಇದೇ ಕ್ರಮದಲ್ಲಿ ಹುಡುಕಿ. ಪ್ರತಿ ಸರದಿಯ ನಡುವೆ ಉದುರಿದ ಚೂರುಗಳನ್ನು ಜಾಲರಿಯಲ್ಲಿ ಬಾಚಿ ತೆಗೆಯಿರಿ. ಅವು ಸೀದರೆ ಮುಂದಿನವೆಲ್ಲ ಕಹಿ.

ಕರಿದದ್ದನ್ನು ಬಿಸಿಯಲ್ಲೇ ಡಬ್ಬಿಗೆ ತುಂಬಬಾರದು, ಹಬೆಗೆ ಮೆತ್ತಗಾಗುತ್ತವೆ. ಬಿದಿರಿನ ಮೊರದಲ್ಲೋ ತಂತಿ ಜಾಲರಿಯಲ್ಲೋ ಹರಡಿ ಆರಿಸಿ. ಮೊದಲ ದಿನ ಗರಿಗರಿ, ಮಾರನೇ ದಿನ ಮೆತ್ತಗಾಗಿ ಹಲಸಿನ ಘಮ ಹೆಚ್ಚಾಗಿರುತ್ತದೆ. ನನಗೆ ಮಾರನೇ ದಿನದ್ದೇ ಇಷ್ಟ, ಒಂದು ಚಮಚ ತುಪ್ಪದ ಜೊತೆ. ತೆಂಗಿನಕಾಯಿ ಸೇರಿರುವುದರಿಂದ ಹೊರಗೆ ಎರಡು ದಿನ, ಫ್ರಿಜ್ಜಿನಲ್ಲಿ ನಾಲ್ಕೈದು ದಿನ. ಬಿಸಿ ಮಾಡಲು ಎಣ್ಣೆ ಹಾಕದ ಕಾವಲಿ, ಸಣ್ಣ ಉರಿ, ಮುಚ್ಚಳ ಇಲ್ಲದೆ. ಕರಿದ ಎಣ್ಣೆಯಲ್ಲಿ ಬೆಲ್ಲದ ಅಂಶ ಉಳಿದಿರುತ್ತದೆ, ಮತ್ತೆ ಕರಿಯಲು ಇಟ್ಟರೆ ಬೇಗ ನೊರೆ ಬಂದು ಹೊಗೆಯಾಡುತ್ತದೆ. ಬಟ್ಟೆಯಲ್ಲಿ ಸೋಸಿ, ಎರಡು ಮೂರು ದಿನದೊಳಗೆ ಒಗ್ಗರಣೆಗೆ ಮುಗಿಸಿ.