ಎದುರು ಮನೆಯ ಹಾವಿನ ಬಾವುಟ: ನ್ಯೂ ಹ್ಯಾಂಪ್‌ಶೈರ್‌ಗೆ ಬಂದ ಹೊಸಬರಿಗೆ ರಾಜಕೀಯದ ಒಂದು ಪುಟ

ಶಾಲೆ, ಡ್ರೈವಿಂಗ್ ಲೈಸೆನ್ಸ್, ದಿನಸಿ ಅಂಗಡಿಗಳ ವಿಷಯ ನಮ್ಮ ಕನ್ನಡ ಕೂಟದ ಮಾರ್ಗದರ್ಶಿಯ ಬೇರೆ ಪುಟಗಳಲ್ಲಿದೆ. ಇದು ರಾಜಕೀಯದ ಪುಟ, ಅದರಲ್ಲೂ ಲಿಬರ್ಟೇರಿಯನ್, ಕನ್ಸರ್ವೇಟಿವ್ ಅನ್ನುವ ಎರಡು ಬಗೆಯವರ ವ್ಯತ್ಯಾಸದ್ದು. "ನಮಗೆ ವೋಟೇ ಇಲ್ಲ, ಇದೆಲ್ಲ ಯಾಕೆ?" ಅಂತ ಕೇಳುವವರಿದ್ದಾರೆ. ವೋಟಿಲ್ಲ, ನಿಜ. ಆದರೆ ಮಗುವಿನ ಶಾಲೆಗೆ ಎಷ್ಟು ದುಡ್ಡು ಅನ್ನುವುದರಿಂದ ಹಿಡಿದು ಗ್ರೀನ್ ಕಾರ್ಡಿನ ಸಾಲು ಎಷ್ಟು ಉದ್ದ ಅನ್ನುವ ತನಕ ಎಲ್ಲ ತೀರ್ಮಾನವಾಗುವುದು ಅಲ್ಲೇ ಅಲ್ವಾ?

ನಾವು ಬಂದ ಹೊಸತರಲ್ಲಿ ಎದುರು ಮನೆಯ ಮುಂದೆ ಒಂದು ಹಳದಿ ಬಾವುಟ ಹಾರುತ್ತಿತ್ತು. ಮಧ್ಯದಲ್ಲಿ ಸುರುಳಿ ಸುತ್ತಿ ಹೆಡೆ ಎತ್ತಿದಂತಿದ್ದ ಹಾವು. ಊರಿಂದ ಬಂದಿದ್ದ ನಮ್ಮ ಅತ್ತೆ ಕಿಟಕಿಯಿಂದ ನೋಡಿ, "ಇವರೂ ನಾಗಪ್ಪನ ಒಕ್ಕಲೇನೋ" ಅಂದರು. ಅದು ನಾಗರಹಾವಲ್ಲ, ಬಾಲ ಅಲ್ಲಾಡಿಸಿ ಸದ್ದು ಮಾಡುವ ಇಲ್ಲಿನ ರ‍್ಯಾಟಲ್ ಸ್ನೇಕ್. ಬ್ರಿಟಿಷರ ವಿರುದ್ಧ ಹೋರಾಟ ಶುರುವಾದ 1775ರ ಬಾವುಟ. ಕೆಳಗೆ ಬರೆದಿರುವುದು "ನನ್ನನ್ನು ತುಳಿಯಬೇಡ" ಅಂತ. ಆ ಮನೆಯವರು ಲಿಬರ್ಟೇರಿಯನ್. ಅವರ ಪಕ್ಕದ ಮನೆಯವರು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಕನ್ಸರ್ವೇಟಿವ್. ಇಬ್ಬರೂ ವೋಟು ಹಾಕುವುದು ಸಾಮಾನ್ಯವಾಗಿ ರಿಪಬ್ಲಿಕನ್ನರಿಗೇ. ಇಬ್ಬರೂ ಒಂದೇ ಅಂತ ನಾನು ಒಂದು ವರ್ಷ ನಂಬಿಕೊಂಡಿದ್ದೆ.

ಮೊದಲು ಮಾತಿನ ಗೊಂದಲ ಬಿಡಿಸೋಣ. ಲಿಬರಲ್ ಬೇರೆ, ಲಿಬರ್ಟೇರಿಯನ್ ಬೇರೆ. ಇಲ್ಲಿ ಲಿಬರಲ್ ಅಂದರೆ ಹೆಚ್ಚಾಗಿ ಡೆಮಾಕ್ರಟ್ ಕಡೆಯವರು. ಲಿಬರ್ಟೇರಿಯನ್ ಅನ್ನುವುದಕ್ಕೆ ಸ್ವಾತಂತ್ರ್ಯವಾದಿ ಅನ್ನಬಹುದು. ಆದರೆ ಹಾಗಂದ ಕೂಡಲೇ ನಮಗೆ ಖಾದಿ ತೊಟ್ಟ ಹಿರಿಯರು ನೆನಪಾಗುತ್ತಾರೆ! ಅದಕ್ಕೇ ಇಂಗ್ಲಿಷ್ ಮಾತನ್ನೇ ಇಟ್ಟುಕೊಂಡಿದ್ದೇನೆ. ಹಾಗೆಯೇ ಕನ್ಸರ್ವೇಟಿವ್ ಅಂದರೆ ನಮ್ಮ ಮಡಿವಂತರ ಥರ ಅಂದುಕೊಳ್ಳಬೇಡಿ. ಕುಟುಂಬ, ಚರ್ಚು, ಊರು, ದೇಶ ಇವುಗಳ ನೆರಳಲ್ಲೇ ಮನುಷ್ಯ ಮನುಷ್ಯನಾಗುವುದು, ಅವನ್ನು ಕಾಪಾಡಬೇಕು ಅನ್ನುವುದು ಅವರ ಮಾತು.

ತೆರಿಗೆ ಕಡಿಮೆ ಇರಲಿ, ಸರ್ಕಾರ ಚಿಕ್ಕದಿರಲಿ, ಬಂದೂಕು ಇಟ್ಟುಕೊಳ್ಳುವ ಹಕ್ಕು ಇರಲಿ. ಇಲ್ಲಿಯವರೆಗೆ ಇಬ್ಬರದೂ ಒಂದೇ ದಾರಿ. ಬದುಕಿನ ರೀತಿನೀತಿಯ ಮಾತು ಬಂದಾಗ ಬೇರೆಯಾಗುತ್ತಾರೆ. ಕನ್ಸರ್ವೇಟಿವ್ ಕೇಳುವುದು "ಇದು ಸರಿಯಾ?" ಅಂತ. ಲಿಬರ್ಟೇರಿಯನ್ ಕೇಳುವುದು "ಸರಿಯೋ ತಪ್ಪೋ, ಹೇಳೋಕೆ ಸರ್ಕಾರ ಯಾರು?" ಅಂತ.

ಗಾಂಜಾ ವಿಷಯವನ್ನೇ ನೋಡಿ. ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ 2016ರಲ್ಲಿ ಜನ ವೋಟು ಹಾಕಿ ಅದನ್ನು ಕಾನೂನುಬದ್ಧ ಮಾಡಿದರು. ಈಗ ಅಂಗಡಿಗಳೇ ಇವೆ. ನಮ್ಮ ರಾಜ್ಯದಲ್ಲಿ ಇನ್ನೂ ಇಲ್ಲ. ಒಂದು ಸಂಜೆ ಬೀದಿಯವರೆಲ್ಲ ಸೇರಿದ್ದಾಗ ಇದೇ ಮಾತು ಬಂತು. ಚರ್ಚಿನ ಮನೆಯಾಕೆ, "ಮಕ್ಕಳು ಓಡಾಡೋ ಊರಲ್ಲಿ ಅದು ಬೇಡ" ಅಂದರು. ಹಾವಿನ ಬಾವುಟದವರು ಬೀರನ್ನೂ ಮುಟ್ಟದ ಮನುಷ್ಯ. ಅವರು ಹೇಳಿದ್ದು: "ನಾನು ಸೇದಲ್ಲ, ಅದು ನನ್ನ ಇಷ್ಟ. ಸೇದೋನನ್ನ ಜೈಲಲ್ಲಿ ಇಡೋಕೆ ನನ್ನ ದುಡ್ಡು ಯಾಕೆ?" ಆವತ್ತು ನನಗೆ ವ್ಯತ್ಯಾಸ ಹೊಳೆಯಿತು.

ಇಲ್ಲೇ ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ರಾಜ್ಯ ಒಪ್ಪಿದರೂ ಕೇಂದ್ರದ ಕಾನೂನಿನಲ್ಲಿ ಗಾಂಜಾಕ್ಕೆ ಇನ್ನೂ ನಿರ್ಬಂಧವಿದೆ, ವೀಸಾ ನಡೆಯುವುದು ಕೇಂದ್ರದ ಕಾನೂನಿನ ಮೇಲೆ. ಗಡಿ ದಾಟಿ ಹೋಗಿ "ಲೀಗಲ್" ಆಗಿ ತಗೊಂಡೆ ಅಂದರೂ, ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲಕ್ಕೂ ತೊಂದರೆಯಾಗಬಹುದು. ಆ ಅಂಗಡಿಯಲ್ಲಿ ಕೆಲಸ ಮಾಡಿದರೂ ಅಷ್ಟೇ. ಸುಮ್ನೆ ದೂರ ಇರಿ.

ಸೀಟ್ ಬೆಲ್ಟ್ ಇನ್ನೊಂದು. ದೊಡ್ಡವರಿಗೆ ಬೆಲ್ಟ್ ಕಡ್ಡಾಯವಲ್ಲದ ಒಂದೇ ರಾಜ್ಯ ನಮ್ಮದು. 18ರೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ. ಕನ್ಸರ್ವೇಟಿವ್ ಪ್ರಾಬಲ್ಯದ ಬೇರೆ ರಾಜ್ಯಗಳೂ ಬೆಲ್ಟ್ ಕಾನೂನು ಮಾಡಿವೆ. ಕಾನೂನಿಲ್ಲ ಅಂತ ನೀವು ಹಾಕಿಕೊಳ್ಳದೆ ಇರಬೇಡಿ, ನ್ಯಾಶುವಾದಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಮ್ಯಾಸಚೂಸೆಟ್ಸ್ ಬಂತು, ಅಲ್ಲಿ ದಂಡ. ಇಷ್ಟೆಲ್ಲ ಸ್ವಾತಂತ್ರ್ಯದ ರಾಜ್ಯದಲ್ಲಿ ವಿಸ್ಕಿ, ರಮ್ ಬಾಟಲಿ ಮಾರುವುದು ಮಾತ್ರ ಸರ್ಕಾರಿ ಅಂಗಡಿಗಳಲ್ಲಿ. ನಮ್ಮ ಎಂಎಸ್‌ಐಎಲ್ ನೆನಪಾಗುತ್ತದೆ.

ನಿಮ್ಮ ಕಾರಿನ ನಂಬರ್ ಪ್ಲೇಟ್ ಮೇಲೆ "ಸ್ವತಂತ್ರವಾಗಿ ಬದುಕು, ಇಲ್ಲವೇ ಸಾಯಿ" ಎಂಬ ಸಾಲಿರುತ್ತದೆ. ಅದು ರಾಜ್ಯದ ಧ್ಯೇಯವಾಕ್ಯ. 1970ರ ದಶಕದಲ್ಲಿ ಜೆಹೋವಾಸ್ ವಿಟ್ನೆಸ್ ಪಂಥದ ಮೇನಾರ್ಡ್ ಎಂಬಾತ, ಇದು ನನ್ನ ನಂಬಿಕೆಗೆ ವಿರುದ್ಧ ಅಂತ ಆ ಸಾಲನ್ನು ಮುಚ್ಚಿಬಿಟ್ಟರು. ಸ್ವತಂತ್ರವಾಗಿ ಬದುಕು ಅನ್ನುವ ಮಾತನ್ನು ಮುಚ್ಚಿದ್ದಕ್ಕೆ ಸರ್ಕಾರ ದಂಡ ಹಾಕಿತು. ದಂಡ ಕಟ್ಟದ್ದಕ್ಕೆ 15 ದಿನ ಜೈಲು! ಕೊನೆಗೆ 1977ರಲ್ಲಿ ಸುಪ್ರೀಂ ಕೋರ್ಟ್ ಮೇನಾರ್ಡ್ ಪರ ತೀರ್ಪು ಕೊಟ್ಟಿತು. ನಾಡಿನ ಹೆಮ್ಮೆಯ ಮಾತನ್ನು ಎಲ್ಲರೂ ಹೊರಬೇಕು ಅನ್ನುವುದು ಒಂದು ಮನಸ್ಸು. ಒಲ್ಲೆ ಅನ್ನುವವನನ್ನು ಬಿಟ್ಟುಬಿಡಿ ಅನ್ನುವುದು ಇನ್ನೊಂದು.

ಲಿಬರ್ಟೇರಿಯನ್ ಪಕ್ಷ ಅಂತ ಬೇರೆಯೇ ಇದೆ. 1971ರಲ್ಲಿ ಶುರುವಾದದ್ದು. 2016ರಲ್ಲಿ ಅದರ ಅಭ್ಯರ್ಥಿ ಗ್ಯಾರಿ ಜಾನ್ಸನ್‌ಗೆ ಸುಮಾರು 45 ಲಕ್ಷ ವೋಟು ಬಿತ್ತು, ಆದರೂ ಅದು ಶೇ. 3ರ ಆಸುಪಾಸು. ಕೆಲವು ಚಾಣಾಕ್ಷರು ಅದಕ್ಕೂ ಮೊದಲೇ ಬೇರೆ ದಾರಿ ಹಿಡಿದಿದ್ದರು. 20,000 ಲಿಬರ್ಟೇರಿಯನ್ನರು ಒಂದೇ ಸಣ್ಣ ರಾಜ್ಯಕ್ಕೆ ಬಂದು ನೆಲೆಸೋಣ ಅನ್ನುವ 'ಫ್ರೀ ಸ್ಟೇಟ್' ಯೋಜನೆ ಹಾಕಿ, 2003ರಲ್ಲಿ ನ್ಯೂ ಹ್ಯಾಂಪ್‌ಶೈರನ್ನು ಆರಿಸಿದರು. ಹಾಗೆ ಬಂದವರಲ್ಲಿ ಹಲವರು ರಿಪಬ್ಲಿಕನ್ ಟಿಕೆಟ್ ಮೇಲೆ ನಿಂತು ರಾಜ್ಯದ ಕೆಳಮನೆಗೂ ಹೋಗಿದ್ದಾರೆ.

ಇದು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಕ್ರಾಯ್ಡನ್ ಎಂಬ ಪುಟ್ಟ ಊರಿನ ಕಥೆ. 2022ರ ಮಾರ್ಚ್. ಊರಿನ ವಾರ್ಷಿಕ ಸಭೆ, ಬಂದವರು ಕಡಿಮೆ. ಶಾಲೆಯ ಬಜೆಟ್ 17 ಲಕ್ಷ ಡಾಲರ್ ಇದ್ದದ್ದನ್ನು 8 ಲಕ್ಷಕ್ಕೆ ಇಳಿಸೋಣ ಅಂತ ಫ್ರೀ ಸ್ಟೇಟ್ ಕಡೆಯವರೊಬ್ಬರು ಸೂಚಿಸಿದರು. ಪರ 20, ವಿರುದ್ಧ 14 ವೋಟು, ಪಾಸಾಯಿತು! ಮನೆಯಲ್ಲಿ ಕೂತಿದ್ದವರಿಗೆ ಆಮೇಲೆ ಎಚ್ಚರವಾಯಿತು. ಮೇ ತಿಂಗಳಲ್ಲಿ ವಿಶೇಷ ಸಭೆ ಕರೆದರು. ಈ ಸಲ ಫಲಿತಾಂಶ 377ಕ್ಕೆ 2. ಬಜೆಟ್ ವಾಪಸ್ ಬಂತು. ಬೇರೆ ವಿಷಯಗಳಲ್ಲಿ ಸರ್ಕಾರ ಚಿಕ್ಕದಿರಲಿ ಅನ್ನುವವರೂ ಅಲ್ಲಿದ್ದರು. ತೆರಿಗೆ ಕಮ್ಮಿ ಇರಲಿ, ಆದರೆ ಊರ ಶಾಲೆ ಮುಟ್ಟಬೇಡಿ ಅನ್ನುವುದು ಅಪ್ಪಟ ಕನ್ಸರ್ವೇಟಿವ್ ಮನಸ್ಸು ಅಂತ ನನಗನ್ನಿಸುತ್ತದೆ.

ಇನ್ನು ನಮ್ಮ ಸ್ವಂತ ಚಿಂತೆ, ಗ್ರೀನ್ ಕಾರ್ಡ್. ಕೆಲಸಗಾರರು ಗಡಿ ದಾಟಿ ಬರಲು ಬಿಡಿ ಅನ್ನುವುದು ಹಲವು ಲಿಬರ್ಟೇರಿಯನ್ನರ ವಾದ, ಬಿಗಿ ಮಾಡಿ ಅನ್ನುವುದು ಇತ್ತೀಚಿನ ಕನ್ಸರ್ವೇಟಿವರ ವಾದ. ಹಾಗಂತ ಹೆಸರು ನೋಡಿ ನೆಚ್ಚಿಕೊಂಡರೆ ಕೆಟ್ಟಿರಿ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ. 7 ಅನ್ನುವ ಮಿತಿ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕಾಂಗ್ರೆಸ್ಸಿನ ಕೆಳಮನೆಯಲ್ಲಿ 365–65ರಲ್ಲಿ ಪಾಸಾಯಿತು. ಸೆನೆಟ್‌ನಲ್ಲಿ ಅದಕ್ಕಾಗಿ ಓಡಾಡಿದ್ದು ಯೂಟಾದ ಕನ್ಸರ್ವೇಟಿವ್ ಮೈಕ್ ಲೀ. ಮೊದಲು ಅಡ್ಡ ನಿಂತದ್ದು ಲಿಬರ್ಟೇರಿಯನ್ ಒಲವಿನ ರ‍್ಯಾಂಡ್ ಪಾಲ್. ವಿದೇಶಿ ನರ್ಸುಗಳಿಗೆ ವೀಸಾ ಕಮ್ಮಿಯಾಗುತ್ತದೆ ಅನ್ನುವುದು ಅವರ ತಕರಾರು. ಆಮೇಲೆ ತಡೆದದ್ದು ಡೆಮಾಕ್ರಟ್ ಡಿಕ್ ಡರ್ಬಿನ್. ಮಸೂದೆ ಕಾನೂನಾಗಲೇ ಇಲ್ಲ.

ಈಗ ನೀವು ಮಾಡಬಾರದ್ದು. ಪೌರತ್ವ ಬರುವ ತನಕ ವೋಟರ್ ನೋಂದಣಿಗೆ ಸಹಿ ಹಾಕಬೇಡಿ. ಬೇರೆ ರಾಜ್ಯಕ್ಕೆ ಹೋದರೆ ಡ್ರೈವಿಂಗ್ ಲೈಸೆನ್ಸ್ ಫಾರ್ಮಿನಲ್ಲೇ ಆ ಪ್ರಶ್ನೆ ಇರಬಹುದು. ಅವಸರದಲ್ಲಿ ಟಿಕ್ ಹಾಕಿದರೆ ಮುಂದೆ ಪೌರತ್ವದ ಅರ್ಜಿಗೆ ಅಡ್ಡ ಬರುತ್ತದೆ. ಎಚ್‌-1ಬಿ, ಎಚ್‌-4 ವೀಸಾದಲ್ಲಿರುವವರು ಯಾವ ಅಭ್ಯರ್ಥಿಗೂ ಚಂದಾ ಕೊಡುವಂತಿಲ್ಲ, 10 ಡಾಲರ್ ಆದರೂ ಸರಿ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಕೂಟಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ನಾವು ಯಾವ ಅಭ್ಯರ್ಥಿಯ ಪರವೂ ನಿಲ್ಲುವಂತಿಲ್ಲ. ಯುಗಾದಿ ವೇದಿಕೆಯಲ್ಲಿ ಮೈಕ್ ಸಿಕ್ಕಿತು ಅಂತ ಶುರು ಹಚ್ಚಿಕೊಳ್ಳಬೇಡಿ.

ಮಾಡಬಹುದಾದದ್ದೂ ಇದೆ. ಸಣ್ಣ ಊರಿನಲ್ಲಿ ಮನೆ ಮಾಡಿದ್ದರೆ ಮಾರ್ಚ್‌ನಲ್ಲಿ ಊರ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ವೋಟಿಲ್ಲದವರೂ ನೋಡಬಹುದು. ಸ್ವೆಟರ್ ಇರಲಿ, ಹಾಲ್ ತಣ್ಣಗಿರುತ್ತದೆ. ಕಳೆದ ಸಲ ನಾನು ಹೋದಾಗ ನಮ್ಮ ಹಾವಿನ ಬಾವುಟದವರೂ ಚರ್ಚಿನ ಮನೆಯವರೂ ಅಕ್ಕಪಕ್ಕ ಕೂತಿದ್ದರು. ಹಿಮ ತೆಗೆಯುವ ಹೊಸ ಲಾರಿ ಬೇಡ ಅಂತ ಇಬ್ಬರೂ ಕೈ ಎತ್ತಿದರು, ಲೈಬ್ರರಿಯ ದುಡ್ಡು ಬಂದಾಗ ಒಬ್ಬರು ಮಾತ್ರ.